ಸುರಪುರದ ಟೇಲರ್ ಸಾಹೇಬ

ತಾಳಿಕೋಟೆಯೆಂದೊಡನೆ ನಮ್ಮಲ್ಲಿ ಬಹುಮಂದಿಗೆ 1565ನೆಯ ಇಸವಿಯ ಯುದ್ಧವೊಂದೇ ನೆನಪಿಗೆ ಬರುತ್ತದೆ. ಆ ಕಾಳಗ ನಡೆದದ್ದು ಊರಿನಲ್ಲಲ್ಲ, ದೂರದ ಕೃಷ್ಣೆಯ ಆಸುಪಾಸಿನಲ್ಲಿ. ಸುಲ್ತಾನರ ದಂಡುಗಳು ಬಂದು ಕೂಡಿದುದು ಮಾತ್ರ ತಾಳಿಕೋಟೆಯಲ್ಲಿ. ಆದರೂ ಹೆಸರು ಊರಿಗೇ ಅಂಟಿಕೊಂಡಿತು. ಡೋಣಿಯ ದಂಡೆಯ ಈ ಎರೆಭೂಮಿಯ ನಾಡಿಗೆ ಆ ಯುದ್ಧದ ಆಚೆಗೂ ಚರಿತ್ರೆಯುಂಟು. ತಾಳಿಕೋಟೆಯಿಂದ ಮೂಡಲಿಗೆ ಹುಣಸಗಿಯ ದಾರಿ ಹಿಡಿದು ಹೊರಟರೆ ಎರೆಯ ಬಯಲು ಮೆಲ್ಲಗೆ ಮುಗಿದು ಕಲ್ಲುಗುಡ್ಡಗಳು ತಲೆಯೆತ್ತುತ್ತವೆ. ಆ ಗುಡ್ಡಗಳ ನಡುವೆ ಸುರಪುರವಿದೆ. ಅಲ್ಲಿಯ ಒಂದು ಗುಡ್ಡದ ಮೇಲೆ 1844ರ ಸುಮಾರಿಗೆ ಕಟ್ಟಿದ ಬಂಗಲೆಯೊಂದಿದೆ. ಅದರ ಹೆಸರು ಟೇಲರ್ ಮಂಜಿಲ್.

ಈ ಬಂಗಲೆಯನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನನ್ನು ಲೋಕವು ಕಾದಂಬರಿಕಾರನೆಂದು ಬಲ್ಲುದು. ಸುರಪುರದ ಸೀಮೆಯು ಅವನನ್ನು ಆಡಳಿತಗಾರನೆಂದು ಬಲ್ಲುದು. ಆದರೆ ಅವನ ಬಾಳಿನ ಬುನಾದಿ ಬಿದ್ದುದು ಪೋಲೀಸು ನೌಕರಿಯಲ್ಲಿ. ಹದಿನೆಂಟರ ಹರೆಯದಲ್ಲಿ ಪೋಲೀಸು ಅಧಿಕಾರಿಯಾದವನು ಐವತ್ತರ ವಯಸ್ಸಿನಲ್ಲಿ ಕಮಿಷನರನಾಗಿ ಸುರಪುರಕ್ಕೆ ಮರಳಿದನು. ಈ ಮೂವತ್ತು ವರ್ಷಗಳ ಕಥೆಯನ್ನು ಕೇವಲ ಬಡ್ತಿಯ ಕಥೆಯೆಂದು ಓದಿದರೆ ಅದರಲ್ಲಿ ಅಂಥ ವಿಶೇಷವೇನೂ ಇಲ್ಲ. ಇನ್ನೊಬ್ಬರ ಗುಟ್ಟನ್ನು ಬಿಡಿಸುವ ವಿದ್ಯೆಯನ್ನು ಕಲಿತವನೊಬ್ಬನು ಆ ವಿದ್ಯೆಯಿಂದ ಏನು ಗಳಿಸಿದನು, ಅದು ಎಲ್ಲಿ ಸೋತಿತು ಎಂದು ಕೇಳಿಕೊಂಡು ಓದಿದರೆ ಮಾತ್ರ ಅದು ಇಂದಿಗೂ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ.

ಟೇಲರ್ ಹುಟ್ಟಿದುದು 1808ರ ಸೆಪ್ಟೆಂಬರ್ ತಿಂಗಳಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ. ಮನೆಯ ಸ್ಥಿತಿ ಇಳಿಮುಖವಾಗಿದ್ದುದರಿಂದ ಹದಿನೈದು ವರ್ಷದ ಹುಡುಗನನ್ನು 1824ರಲ್ಲಿ ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿಗೆ ಹಡಗು ಹತ್ತಿಸಿ ಕಳುಹಿಸಿದರು. ಬಂದು ನೋಡಿದರೆ ವ್ಯಾಪಾರಿಯ ಗಂಟೇ ಕರಗಿಹೋಗಿದ್ದಿತು. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರು ಕೈಹಿಡಿದು, ಹೈದರಾಬಾದಿನ ನಿಜಾಮರ ಸೇನೆಯಲ್ಲಿ ಅವನಿಗೊಂದು ಜಾಗ ಕೊಡಿಸಿದರು. ಹೀಗೆ ಆತನು ಇಂಗ್ಲಿಷ್ ಕಂಪನಿಯ ನೌಕರನಾಗದೆ ನಿಜಾಮರ ನೌಕರನಾದನು. ಇದು ಸಣ್ಣ ಸಂಗತಿಯಲ್ಲ. ಕಂಪನಿಯ ಅಧಿಕಾರಿಗೆ ಇದ್ದ ನಿವೃತ್ತಿ ವೇತನ, ಬಡ್ತಿ, ಮಾನಮರ್ಯಾದೆಗಳೊಂದೂ ನಿಜಾಮರ ನೌಕರನಿಗೆ ಖಾತ್ರಿಯಿರಲಿಲ್ಲ. ತನ್ನ ಬುದ್ಧಿ, ತನ್ನ ನಾಲಗೆ, ಇವೆರಡನ್ನೇ ನಂಬಿ ಮೇಲೆ ಬರಬೇಕಾಗಿದ್ದಿತು.

ನಾಲಗೆಯೆಂದೆ. ಟೇಲರನು ಮೊದಲು ಸಂಪಾದಿಸಿದ ಆಸ್ತಿಯೆಂದರೆ ಭಾಷೆ. ಹಿಂದುಸ್ತಾನಿ, ಮರಾಠಿ, ಪಾರಸಿಗಳನ್ನು ದುಭಾಷಿಯ ಹಂಗಿಲ್ಲದೆ ಮಾತನಾಡುವಷ್ಟು ಕಲಿತನು. ದುಭಾಷಿಯ ಮೂಲಕ ನಡೆಯುವ ವಿಚಾರಣೆಯಲ್ಲಿ ಸಾಕ್ಷಿಯು ಹೇಳಿದುದು ಒಂದು, ಸಾಹೇಬನು ಕೇಳಿದುದು ಇನ್ನೊಂದು, ಬರೆದುಕೊಂಡದ್ದು ಮತ್ತೊಂದು ಆಗುವ ಸಂಭವ ಇದ್ದೇ ಇದ್ದಿತು. ಫಿರ್ಯಾದಿಯು ನೇರವಾಗಿ ಸಾಹೇಬನ ಕಿವಿಗೇ ತನ್ನ ಮಾತನ್ನು ಹಾಕಬಹುದಾದರೆ, ನಡುವಿನ ಕಾರಕೂನನ ಕೈ ಬೆಚ್ಚಗೆ ಮಾಡುವ ಖರ್ಚೂ ಉಳಿಯುತ್ತಿದ್ದಿತು. ಜನರು ಆತನ ಡೇರೆಯ ಮುಂದೆ ಬಂದು ಕೂಡಲು ಇದೇ ಮುಖ್ಯ ಕಾರಣ.

ಅಂದಿನ ನಿಜಾಮರ ಸೀಮೆಯ ಪೋಲೀಸು ವ್ಯವಸ್ಥೆಯ ಬಗೆಗೆ ಇಲ್ಲಿ ಎರಡು ಮಾತು ಹೇಳಬೇಕು. ಈಗಿನಂತೆ ತಾಲ್ಲೂಕಿಗೊಂದು ಠಾಣೆ, ಠಾಣೆಗೊಬ್ಬ ಫೌಜದಾರ, ಎಲ್ಲರ ಮೇಲೆ ಜಿಲ್ಲೆಯ ಸೂಪರಿಂಟೆಂಡೆಂಟ್ ಎಂಬ ಏರ್ಪಾಡು ಆಗ ಇರಲಿಲ್ಲ. ಊರ ಕಾವಲು ಊರಿನವರದೇ. ಗೌಡನು ಹೊಣೆಗಾರ, ತಳವಾರನು ಕಾವಲುಗಾರ. ಕಳವಾದರೆ ತಳವಾರನು ಹೆಜ್ಜೆಯ ಜಾಡು ಹಿಡಿದು ಹೊರಡುವನು. ಜಾಡು ನೆರೆಯೂರಿನ ಎಲ್ಲೆಯನ್ನು ಹೊಕ್ಕರೆ ಉತ್ತರ ಹೇಳುವ ಭಾರವು ಆ ಊರಿನವರ ಮೇಲೆ ಬೀಳುವುದು. ಈ ಪದ್ಧತಿಯು ಊರಿನೊಳಗಿನ ಕಳ್ಳನಿಗೆ ಸಾಕಾಗುತ್ತಿದ್ದಿತು. ಸೀಮೆಯಿಂದ ಸೀಮೆಗೆ ದಾಟುವ ದರೋಡೆಗಾರರಿಗೆ ಸಾಕಾಗುತ್ತಿರಲಿಲ್ಲ. ದಿವಾನ ಚಂದೂಲಾಲನ ಕಾಲದಲ್ಲಿ ಕಂದಾಯವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ಅರಬರನ್ನೂ ರೋಹಿಲರನ್ನೂ ಇಟ್ಟುಕೊಂಡು ವಸೂಲಿ ಮಾಡುವನು. ರಕ್ಷಿಸಬೇಕಾದವನೇ ಸುಲಿಯುವವನಾದ ಮೇಲೆ ಸುಲಿಗೆಗಾರನನ್ನು ಹಿಡಿಯುವವರು ಯಾರು?

ಹೈದರಾಬಾದಿನ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮೆಟ್ಕಾಫನು 1820ರ ನಂತರದ ವರ್ಷಗಳಲ್ಲಿ ಇದಕ್ಕೊಂದು ಉಪಾಯ ಮಾಡಿದನು. ಜಿಲ್ಲೆಗಳ ಮೇಲ್ವಿಚಾರಣೆಗೆಂದು ಯುರೋಪಿಯನ್ ಅಧಿಕಾರಿಗಳನ್ನು ನೇಮಿಸಿದನು. ಆ ಏರ್ಪಾಡಿನಲ್ಲಿಯೇ ಟೇಲರನಿಗೆ, ಹದಿನೆಂಟು ವರ್ಷ ತುಂಬುವ ಹೊತ್ತಿಗೆ, ನಿಜಾಮರ ರಾಜ್ಯದ ನೈಋತ್ಯ ಭಾಗದ ಪೋಲೀಸು ಅಧಿಕಾರ ಬಂದಿತು. ಮರಾಠಿಯೂ ಕನ್ನಡವೂ ಕೂಡುವ ಸೀಮೆ ಅದು. ಹುಡುಗನ ವಯಸ್ಸಿನ ಅಧಿಕಾರಿಯು ಕುದುರೆಯ ಮೇಲೆ ಊರೂರು ತಿರುಗಿ, ದರೋಡೆಯ ಗುಂಪುಗಳನ್ನು ಬೆನ್ನಟ್ಟಿ ಹಿಡಿದನು. ಊರೂರಿನ ಜಗಳಗಳನ್ನು ಕುಳಿತು ಬಿಡಿಸಿದನು. ಒಂದು ಪೇಟೆಯಲ್ಲಿ ಹಿಟ್ಟಿಗೆ ಮರಳು ಬೆರೆಸಿ ಮಾರುತ್ತಿದ್ದ ಅಂಗಡಿಕಾರರನ್ನು ಕರೆಸಿ, ಅವರವರ ಹಿಟ್ಟನ್ನು ಅವರವರಿಂದಲೇ ಎಲ್ಲರೆದುರು ತಿನ್ನಿಸಿದ ಸಂಗತಿಯನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನೆರೆದ ಜನ ನಕ್ಕರು. ಮರಳಿನ ದೂರು ನಿಂತಿತು. ಕಾಯ್ದೆಯ ಪುಸ್ತಕದಲ್ಲಿ ಇಲ್ಲದ ಶಿಕ್ಷೆ ಇದು. ಹಿಡಿಯುವವನೂ ಅವನೇ, ತೀರ್ಪು ಕೊಡುವವನೂ ಅವನೇ, ಶಿಕ್ಷೆ ಮಾಡಿಸುವವನೂ ಅವನೇ ಆಗಿದ್ದ ಕಾಲ ಅದು. ಈ ಮೂರೂ ಒಂದೇ ಕೈಯಲ್ಲಿದ್ದಾಗ ಎಲ್ಲವೂ ಆ ಕೈ ಎಂಥದೆಂಬುದರ ಮೇಲೆ ನಿಲ್ಲುತ್ತದೆ. ಅಂಗಡಿಕಾರನಿಗೆ ಅಪೀಲು ಎಂಬುದಿಲ್ಲ.

ಈ ದಿನಗಳಲ್ಲಿಯೇ ಟೇಲರನ ಕಿವಿಗೆ ಒಂದು ವಿಚಿತ್ರವಾದ ಸುದ್ದಿ ಬೀಳತೊಡಗಿತು. ದಾರಿಹೋಕರು ಕಾಣೆಯಾಗುತ್ತಿದ್ದಾರೆ, ಅಲ್ಲಲ್ಲಿ ಹೂಳಿದ ಹೆಣಗಳು ಸಿಕ್ಕುತ್ತಿವೆ, ಆದರೆ ಫಿರ್ಯಾದಿ ಹೇಳುವವರಿಲ್ಲ, ನೋಡಿದವರಿಲ್ಲ. ಮನೆ ಬಿಟ್ಟು ಹೊರಟವನು ತಿಂಗಳುಗಟ್ಟಲೆ ಮರಳದಿರುವುದು ಆ ಕಾಲದಲ್ಲಿ ಸಾಮಾನ್ಯವಾದುದರಿಂದ ಮನೆಯವರೂ ಬೇಗನೆ ಗಾಬರಿಯಾಗುತ್ತಿರಲಿಲ್ಲ. ಟೇಲರನು ಜಾಡು ಹಿಡಿಯುತ್ತಿದ್ದನು. ಅಷ್ಟರಲ್ಲಿ 1829ರಲ್ಲಿ ನಿಜಾಮ ಸಿಕಂದರ್ ಜಾಹ್ ತೀರಿಕೊಂಡನು. ಪಟ್ಟವೇರಿದ ನಾಸಿರುದ್ದೌಲನು ತನ್ನ ಜಿಲ್ಲೆಗಳಿಂದ ಯುರೋಪಿಯನ್ ಅಧಿಕಾರಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಕೇಳಿದನು. ತನ್ನ ಮನೆಯನ್ನು ತಾನೇ ನೋಡಿಕೊಳ್ಳುವೆನೆಂಬ ಒಡೆಯನ ಮಾತಿನಲ್ಲಿ ತಪ್ಪಿಲ್ಲ. ಆದರೆ ಟೇಲರನ ಪೋಲೀಸು ನೌಕರಿಗೆ ಅಲ್ಲಿಗೆ ತೆರೆ ಬಿದ್ದಿತು. ಆತನು ಮತ್ತೆ ಪಲ್ಟಣಕ್ಕೆ ಮರಳಿದನು.

ಜಾಡಿನ ತುದಿ ಬೇರೊಬ್ಬನ ಕೈಗೆ ಸಿಕ್ಕಿತು. ಮಧ್ಯಭಾರತದಲ್ಲಿ ಜಬಲಪುರದ ಕಡೆಯಲ್ಲಿದ್ದ ವಿಲಿಯಂ ಸ್ಲೀಮನ್ನನು ಅದೇ ವರ್ಷಗಳಲ್ಲಿ ಠಕ್ಕರ ಗುಂಪುಗಳನ್ನು ಹಿಡಿದು, ಅವರ ಬಾಯಿಂದಲೇ ಅವರ ಕಥೆಯನ್ನು ಹೊರಡಿಸಿದನು. ಪ್ರಯಾಣಿಕರ ಜೊತೆಗಾರರಂತೆ ನಟಿಸಿ, ವಿಶ್ವಾಸ ಗಳಿಸಿ, ಸಮಯ ನೋಡಿ ಕೊರಳಿಗೆ ಕರವಸ್ತ್ರ ಬಿಗಿದು ಕೊಲ್ಲುವವರೇ ಠಕ್ಕರೆಂದು ಆ ಕಥೆಗಳು ಹೇಳಿದುವು. ಅವರಿಗೆ ಅವರದೇ ಆದ ಗುಪ್ತ ಭಾಷೆಯಿದ್ದಿತು. ಅದರ ಶಬ್ದಕೋಶವನ್ನೇ ಸ್ಲೀಮನ್ನನು 1836ರಲ್ಲಿ ಅಚ್ಚು ಹಾಕಿಸಿದನು. ಈ ಶೋಧದ ಕೆಲಸವು ಹೈದರಾಬಾದಿಗೂ ಹಬ್ಬಿದಾಗ, 1833ರ ಸುಮಾರಿನಲ್ಲಿ, ಠಕ್ಕರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಟೇಲರನ ಪಾಲಿಗೂ ಬಂದಿತು. ಮೊದಲೇ ತನ್ನನ್ನು ಜಾಡಿನ ಮೇಲೆಯೇ ಬಿಟ್ಟಿದ್ದರೆ ಈ ಶೋಧದ ಕೀರ್ತಿ ತನ್ನದಾಗುತ್ತಿದ್ದಿತೆಂಬ ಕೊರಗು ಅವನಿಗೆ ಕೊನೆಯವರೆಗೂ ಇದ್ದಿತು.

ಇಲ್ಲಿ ‘ಮಾಫಿ ಸಾಕ್ಷಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಪರಾಧದಲ್ಲಿ ಪಾಲುಗೊಂಡವನೇ ಪ್ರಾಣ ಉಳಿಸಿಕೊಳ್ಳುವ ಕರಾರಿನ ಮೇಲೆ ಜೊತೆಗಾರರ ವಿರುದ್ಧ ಸಾಕ್ಷಿ ನುಡಿದರೆ ಅವನು ಮಾಫಿ ಸಾಕ್ಷಿ. ನೋಡಿದವರೇ ಉಳಿಯದ ಕೊಲೆಗಳಲ್ಲಿ ಇಂಥವನ ಹೊರತು ಬೇರೆ ಸಾಕ್ಷಿಯನ್ನು ತರುವುದೆಲ್ಲಿಂದ? ಸ್ಲೀಮನ್ನನ ಇಡೀ ಇಲಾಖೆಯು ಈ ಒಂದು ಕಂಬದ ಮೇಲೆ ನಿಂತಿದ್ದಿತು. ಅವರು ತೋರಿಸಿದಲ್ಲಿ ಅಗೆದರೆ ಎಲುಬುಗಳು ಸಿಕ್ಕಿದುದುಂಟು. ಆದರೆ ಈ ಕಂಬಕ್ಕೆ ಒಂದು ಬಿರುಕೂ ಇದ್ದಿತು. ಯಾರ ಕೊರಳು ತನ್ನ ಮಾತಿನ ಮೇಲೆ ತೂಗುತ್ತಿದೆಯೋ ಅವನು ಕೇಳಿದವನಿಗೆ ಬೇಕಾದುದನ್ನೇ ಹೇಳುವ ಸಂಭವ ಹೆಚ್ಚು. ಕೇಳುವವನು ದೊಡ್ಡದೊಂದು ಗುಪ್ತ ಪಂಥವನ್ನು ಕಾಣಲು ಕಾತರನಾಗಿದ್ದರೆ ಹೇಳುವವನು ಅದನ್ನು ಕಾಣಿಸುತ್ತಾನೆ. ಅದರ ಮೇಲೆ 1836ರ ಮೂವತ್ತನೆಯ ಕಾಯ್ದೆಯು, ಒಬ್ಬನು ಠಕ್ಕರ ಗುಂಪಿಗೆ ಸೇರಿದ್ದನೆಂದು ಸಿದ್ಧವಾದರೆ ಸಾಕು, ಇಂಥದೇ ಕೊಲೆ ಮಾಡಿದನೆಂದು ತೋರಿಸುವುದು ಬೇಕಿಲ್ಲ, ಆತನಿಗೆ ಜೀವಾವಧಿ ಶಿಕ್ಷೆ ಎಂದು ವಿಧಿಸಿತು. ಠಕ್ಕರು ಕೊಲೆಗಾರರಾಗಿದ್ದುದು ನಿಜ. ಆದರೆ ಅವರದು ನಾಡನ್ನೆಲ್ಲ ವ್ಯಾಪಿಸಿದ ಒಂದೇ ಧರ್ಮಪಂಥವಾಗಿದ್ದಿತೆ, ಅಥವಾ ಬಡತನ ಮತ್ತು ಅರಾಜಕತೆಗಳಿಂದ ಹುಟ್ಟಿದ ಬಿಡಿ ಬಿಡಿ ದರೋಡೆಯ ಗುಂಪುಗಳಿಗೆ ಆಳುವವರು ಕೊಟ್ಟ ಒಂದೇ ಹೆಸರೆ ಎಂಬುದನ್ನು ಇತಿಹಾಸಕಾರರು ಇನ್ನೂ ಚರ್ಚಿಸುತ್ತಿದ್ದಾರೆ.

ಟೇಲರನು ಈ ಹೇಳಿಕೆಗಳಿಂದ ಒಂದು ಕಾದಂಬರಿಯನ್ನೇ ಕಟ್ಟಿದನು. 1837ರ ನಂತರ ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ, 1839ರಲ್ಲಿ, ಅದು ಲಂಡನ್ನಿನಲ್ಲಿ ಪ್ರಕಟವಾಯಿತು. ಠಕ್ಕನೊಬ್ಬನ ತಪ್ಪೊಪ್ಪಿಗೆಗಳೆಂದು ಅದರ ಹೆಸರು. ಅಮೀರ್ ಅಲಿ ಎಂಬ ಮಾಫಿ ಸಾಕ್ಷಿಯು ತನ್ನ ಕಥೆಯನ್ನು ಸಾಹೇಬನೊಬ್ಬನ ಮುಂದೆ ತಾನೇ ಹೇಳುತ್ತಾ ಹೋಗುತ್ತಾನೆ. ತನ್ನ ಲೆಕ್ಕಕ್ಕೆ 719 ಕೊಲೆಗಳೆಂದು ಅವನು ಹೇಳಿಕೊಳ್ಳುತ್ತಾನೆ. ಪುಸ್ತಕವು ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾಯಿತು. ಠಕ್ಕನೆಂಬ ನಮ್ಮ ಶಬ್ದವು ಇಂಗ್ಲಿಷ್ ಭಾಷೆಯಲ್ಲಿ ಬೇರೂರಲು ಅದು ಬಹುಮಟ್ಟಿಗೆ ಕಾರಣವಾಯಿತು. ಪೋಲೀಸು ಕಚೇರಿಯ ಜಬಾನಿಯು ಸಾಹಿತ್ಯವಾದ ಅಪೂರ್ವ ಉದಾಹರಣೆ ಅದು. ಕಥೆಯನ್ನು ನಡೆಸುವವನು ಹೇಳುವ ಠಕ್ಕನಾದರೂ, ಅದಕ್ಕೆ ಜೀವ ತುಂಬಿದವನು ಕೇಳುವ ಸಾಹೇಬ. ಕೇಳುವುದನ್ನು ಬಲ್ಲವನಿಗೆ ಎಲ್ಲರೂ ಬಾಯಿ ಬಿಡುತ್ತಾರೆಂಬ ವಿಶ್ವಾಸವು ಆ ಪುಸ್ತಕದ ಉದ್ದಕ್ಕೂ ಇದೆ.

ಈ ವಿಶ್ವಾಸವನ್ನು ಹೊತ್ತುಕೊಂಡೇ ಟೇಲರನು ಸುರಪುರಕ್ಕೆ ಬಂದನು. ಸುರಪುರದ ನಾಯಕರು ಬೇಡರ ಅರಸರು, ಗೋಸಲ ವಂಶದವರು. 1705ರಲ್ಲಿ ಔರಂಗಜೇಬ ಬಾದಶಹನು ತಾನೇ ದಂಡೆತ್ತಿ ಬಂದು, ಪಿಡ್ಡನಾಯಕನ ವಾಗಿನಗೇರಿ ಕೋಟೆಯ ಮುಂದೆ ತಿಂಗಳುಗಳನ್ನು ಕಳೆದನೆಂಬುದು ಅವರ ಹೆಮ್ಮೆ. ಬಾದಶಹನು ಸ್ವತಃ ನಿಂತು ನಡೆಸಿದ ಕೊನೆಯ ಮುತ್ತಿಗೆ ಅದು. ಆದರೆ 1840ರ ಹೊತ್ತಿಗೆ ಹೆಮ್ಮೆ ಉಳಿದಿದ್ದಿತೇ ಹೊರತು ಹಣ ಉಳಿದಿರಲಿಲ್ಲ. ನಿಜಾಮರಿಗೆ ಸಲ್ಲಬೇಕಾದ ಪೇಷ್‌ಕಷ್ ಬಾಕಿ ಬೆಟ್ಟವಾಗಿ ಬೆಳೆದಿದ್ದಿತು. 1842ರಲ್ಲಿ ರಾಜಾ ಕೃಷ್ಣಪ್ಪನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನಾಯಕನು ಏಳೆಂಟು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮ ಅಧಿಕಾರವನ್ನು ತನ್ನ ಕೈಯಲ್ಲಿಟ್ಟುಕೊಳ್ಳಬೇಕೆಂದವಳು. ಸೀಮೆಯ ತುಂಬ ಕತ್ತಿ ಬಂದೂಕು ಹಿಡಿದ ಬೇಡರು. ರೆಸಿಡೆಂಟ್ ಫ್ರೇಸರನು ಈ ಜೇನುಗೂಡಿಗೆ ಕೈಹಾಕಲು ಟೇಲರನನ್ನು ಕಳುಹಿಸಿದನು. ಲಿಂಗಸುಗೂರಿನಲ್ಲಿ ದಂಡು ಹತ್ತಿರವೇ ಇದ್ದಿತು. ಆದರೂ ಯುದ್ಧವಿಲ್ಲದೆ ಬಿಕ್ಕಟ್ಟು ಬಗೆಹರಿಯಿತು.

ಮುಂದೆ 1853ರವರೆಗೆ ಟೇಲರನೇ ಸುರಪುರದ ಆಡಳಿತವನ್ನು ನಡೆಸಿದನು. ಲೆಕ್ಕಪತ್ರಗಳನ್ನು ಸರಿಪಡಿಸಿದನು; ದಾರಿಗಳನ್ನು ಮಾಡಿಸಿದನು; ಬೋನಾಳದ ಕೆರೆಯನ್ನು ಹಿಗ್ಗಿಸಿ ಬಲಪಡಿಸಿದನು. ಆ ಕೆರೆ ಇಂದು ಹೆಸರುವಾಸಿಯಾದ ಪಕ್ಷಿಧಾಮ. ಜೇವರ್ಗಿಯ ಹತ್ತಿರ, ರಾಜನಕೋಳೂರಿನಲ್ಲಿ, ವಿಭೂತಿಹಳ್ಳಿಯಲ್ಲಿ ನೆಟ್ಟ ಕಲ್ಲುಗಳನ್ನೂ ಕಲ್ಲುಗೋರಿಗಳನ್ನೂ ಅಳೆದು, ಅಗೆದು, ಚಿತ್ರ ಬರೆದು, ಇವು ಚರಿತ್ರೆಗಿಂತ ಹಿಂದಿನ ಜನರ ಸಮಾಧಿಗಳೆಂದೂ ಯುರೋಪಿನ ಇಂಥವೇ ಕಲ್ಲುಗಳೊಡನೆ ಹೋಲಿಸತಕ್ಕವೆಂದೂ ವಿದ್ವತ್ ಪತ್ರಿಕೆಗಳಲ್ಲಿ ಬರೆದನು. ರಾಜನಕೋಳೂರಿನ ಬೃಹತ್ ಶಿಲಾಗೋರಿಗಳನ್ನು ನೋಡಲು ಹೋಗುವವರು ಇಂದಿಗೂ ಆತನ ಹೆಸರನ್ನು ಕೇಳುತ್ತಾರೆ. ಹೆಣದ ಗುರುತು ಹುಡುಕುತ್ತಾ ಮಣ್ಣನ್ನು ನೋಡಲು ಕಲಿತ ಪೋಲೀಸಿನವನ ಕಣ್ಣು ಇಲ್ಲಿ ಇತಿಹಾಸದ ಕೆಲಸಕ್ಕೆ ಬಂದಿತು.

ಆದರೆ ಆತನು ಎಲ್ಲಕ್ಕಿಂತ ಹೆಚ್ಚು ಶ್ರಮ ಪಟ್ಟದ್ದು ಬಾಲರಾಜನಿಗಾಗಿ. ಓದುಬರಹಕ್ಕೆ ಏರ್ಪಾಡು ಮಾಡಿದನು. ಅರಮನೆಯ ಒಳಜಗಳಗಳಿಂದ ಕಾಪಾಡಿದನು. ಹುಡುಗನು ಆತನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಇದು ಬರಿಯ ಮರ್ಯಾದೆಯ ಮಾತಾಗಿರಲಿಲ್ಲವೆಂಬುದು ಮುಂದೆ ತಿಳಿದುಬಂದಿತು. 1853ರಲ್ಲಿ ರಾಜನು ಪ್ರಾಯಕ್ಕೆ ಬಂದನೆಂದು ರಾಜ್ಯವನ್ನು ಅವನ ಕೈಗೆ ಒಪ್ಪಿಸಲಾಯಿತು. ಅದೇ ವರ್ಷ ನಿಜಾಮರು ವರ್ಹಾಡ, ರಾಯಚೂರು ದೋಆಬ ಮತ್ತು ನಳದುರ್ಗದ ಸೀಮೆಗಳನ್ನು ಕಂಪನಿಯ ವಶಕ್ಕೆ ಬಿಟ್ಟುಕೊಡಬೇಕಾಯಿತು. ಟೇಲರನು ಡೆಪ್ಯುಟಿ ಕಮಿಷನರನಾಗಿ ನಳದುರ್ಗಕ್ಕೆ ಹೋದನು.

ಅಂದಿನ ಕಮಿಷನರ್ ಎಂಬ ಹೆಸರಿಗೂ ಇಂದಿನ ಪೋಲೀಸ್ ಕಮಿಷನರ್ ಎಂಬ ಹೆಸರಿಗೂ ಅಂತರವಿದೆ. ಇಂದಿನ ನಗರದ ಕಮಿಷನರನು ಪೋಲೀಸು ಅಧಿಕಾರಿ. ನಮ್ಮ ರಾಜ್ಯದಲ್ಲಿ ಅಂಥ ಮೊದಲ ಕಚೇರಿ ಬೆಂಗಳೂರಿನಲ್ಲಿ ಬಂದುದು 1963ರಲ್ಲಿ. ಟೇಲರನ ಕಾಲದ ಕಮಿಷನರನಾದರೋ ಕಂದಾಯ, ಪೋಲೀಸು, ನ್ಯಾಯ ಮೂರನ್ನೂ ಹೊತ್ತವನು. ಸೀಮೆಯ ಮೋಜಣಿಯೂ ಅವನದೇ, ಕಳ್ಳರ ಪತ್ತೆಯೂ ಅವನದೇ, ತೀರ್ಪೂ ಅವನದೇ. ಪೋಲೀಸನ್ನು ಪ್ರತ್ಯೇಕ ಇಲಾಖೆಯಾಗಿ ಕಟ್ಟಿದ ಕಾಯ್ದೆಯು 1861ರಲ್ಲಿ ಬರುವ ಹೊತ್ತಿಗೆ ಟೇಲರನು ಕೆಲಸದಿಂದ ಇಳಿದಾಗಿದ್ದಿತು.

1857ರ ದಂಗೆ ಎದ್ದಾಗ ಟೇಲರನನ್ನು ವರ್ಹಾಡದ ಬುಲಢಾಣಾಕ್ಕೆ ಕಳುಹಿಸಿದರು. ಕೊಡಲು ಸೈನ್ಯವಿಲ್ಲ, ಹೇಗಾದರೂ ಮಾಡಿ ಸೀಮೆಯನ್ನು ಉಳಿಸಿಕೋ ಎಂಬುದೊಂದೇ ರೆಸಿಡೆಂಟನು ಕೊಟ್ಟ ಅಪ್ಪಣೆ. ವರ್ಹಾಡವು ಶಾಂತವಾಗಿ ಉಳಿಯಿತು. ಆದರೆ ಆತನು ಹನ್ನೊಂದು ವರ್ಷ ಆಳಿದ್ದ ಸೀಮೆಯಲ್ಲಿ ಬೆಂಕಿ ಹೊಗೆಯಾಡುತ್ತಿದ್ದಿತು. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಬಗ್ಗದೆ ಹಲಗಲಿಯ ಬೇಡರು 1857ರ ನವೆಂಬರಿನಲ್ಲಿ ಕಾದಾಡಿ ಬಿದ್ದರು. ಸುರಪುರದ ರಾಜಾ ವೆಂಕಟಪ್ಪನಾಯಕನು ಕಂಪನಿಯ ವಿರೋಧಿಗಳೊಡನೆ ಸಂಧಾನ ನಡೆಸಿದ್ದಾನೆಂಬ ಗುಮಾನಿಯು ಸರಕಾರಕ್ಕೆ ಬಂದಿತು. 1858ರ ಫೆಬ್ರವರಿಯಲ್ಲಿ ಸುರಪುರದ ಹತ್ತಿರ ಬೀಡುಬಿಟ್ಟ ದಂಡಿನ ಮೇಲೆ ಬೇಡರು ಬಿದ್ದರು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಇನ್ನಷ್ಟು ದಂಡು ಬರಲಿದೆಯೆಂದು ತಿಳಿದು ರಾಜನು ಹೈದರಾಬಾದಿಗೆ ಹೋದನು; ಅಲ್ಲಿ ಸಾಲಾರ್ ಜಂಗನ ಕಡೆಯವರು ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಎದ್ದರೆಂಬುದನ್ನು ನೆನೆದರೆ, ಸುರಪುರದ ಘಟನೆಯು ಒಂಟಿಯಾದುದಲ್ಲವೆಂದು ಮನವರಿಕೆಯಾಗುತ್ತದೆ.

ಸರಕಾರವು ಈಗ ಟೇಲರನನ್ನೇ ಮತ್ತೆ ಸುರಪುರಕ್ಕೆ ನೇಮಿಸಿತು. ದಾರಿಯಲ್ಲಿ ಆತನು ಸೆರೆಯಲ್ಲಿದ್ದ ರಾಜನನ್ನು ಕಂಡನು. ಈ ಭೇಟಿಯನ್ನು ಆತನು ಆತ್ಮಕಥೆಯಲ್ಲಿ ವಿವರವಾಗಿ ಬರೆದಿದ್ದಾನೆ. ಇಪ್ಪತ್ತನಾಲ್ಕರ ಹರೆಯದ ಯುವಕನು ಓಡಿಬಂದು ಅಪ್ಪಾ ಎಂದು ತಬ್ಬಿಕೊಂಡು ಅತ್ತನಂತೆ. ಟೇಲರನು ಬರಿಯ ಮಮತೆಯಿಂದ ಹೋಗಿರಲಿಲ್ಲ. ರಾಜನನ್ನು ಈ ದಾರಿಗೆ ಎಳೆದವರು ಯಾರೆಂಬುದು ಸರಕಾರಕ್ಕೆ ಬೇಕಾಗಿದ್ದಿತು. ಹೆಸರುಗಳನ್ನು ಹೇಳಿದರೆ ಪ್ರಾಣ ಉಳಿಯುವ ಆಸೆಯಿದ್ದಿತು. ಠಕ್ಕರ ಮುಂದೆ ಮೂವತ್ತು ವರ್ಷಗಳಿಂದ ಇಡುತ್ತ ಬಂದ ಕರಾರೇ ಇದು. ಅಂದು ಕೊಲೆಗಾರರ ಮುಂದೆ ಇಟ್ಟುದನ್ನು ಇಂದು ತನ್ನ ಕೈಯಲ್ಲಿ ಬೆಳೆದ ಹುಡುಗನ ಮುಂದೆ ಇಡಬೇಕಾಯಿತು. ರಾಜನು ಒಪ್ಪಲಿಲ್ಲ. ತನ್ನನ್ನು ನಂಬಿದವರ ಹೆಸರನ್ನು ಹೇಳಿ ಬದುಕುವುದು ತನ್ನಿಂದಾಗದೆಂದನು. ಕಳ್ಳನನ್ನು ಗಲ್ಲಿಗೇರಿಸಿದಂತೆ ತನ್ನನ್ನು ಗಲ್ಲಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿದರೂ ಹೆದರುವವನಲ್ಲ ಎಂದನು. ಸೆರೆಯಲ್ಲಿ ಕೊಳೆಯುವುದನ್ನು ಸಾಮಾನ್ಯ ಬೇಡನೂ ಸಹಿಸಲಾರನು, ತಾನು ಹೇಗೆ ಸಹಿಸಲಿ ಎಂದು ಕೇಳಿದನು.

ಈ ಮಾತುಗಳನ್ನು ಬರೆದಿಟ್ಟವನು ಟೇಲರನೇ ಎಂಬುದನ್ನು ನಾವು ಮರೆಯಬಾರದು. ಕೇಳುವುದನ್ನು ಬಲ್ಲವನಿಗೆ ಎಲ್ಲರೂ ಬಾಯಿ ಬಿಡುತ್ತಾರೆಂದು ನಂಬಿದ್ದವನು, ಬಾಯಿ ಬಿಡದವನೊಬ್ಬನನ್ನು ಕೊನೆಗೆ ಕಂಡನು. ಆ ಮೌನವನ್ನು ಸರಕಾರದ ದೃಷ್ಟಿಯಿಂದ ಸೋಲೆಂದು ಬರೆಯದೆ ಮನುಷ್ಯನ ಘನತೆಯೆಂದು ಬರೆದನು. ಅಮೀರ್ ಅಲಿಯು ಪುಸ್ತಕದ ತುಂಬ ಮಾತಾಡಿದನು. ಆತನ ಮಾತಿನಲ್ಲಿ ನಾವು ಎಷ್ಟನ್ನು ನಂಬಬೇಕೆಂಬ ಸಂಶಯ ಇಂದಿಗೂ ಹೋಗಿಲ್ಲ. ವೆಂಕಟಪ್ಪನಾಯಕನು ಹೇಳದೆ ಉಳಿದನು. ಅವನ ಬಗೆಗೆ ಆ ಸಂಶಯ ಯಾರಿಗೂ ಇಲ್ಲ.

ಸೈನಿಕ ನ್ಯಾಯಾಲಯವು ರಾಜನಿಗೆ ಮರಣದಂಡನೆ ವಿಧಿಸಿತು. ರೆಸಿಡೆಂಟನು ಅದನ್ನು ಕರಿನೀರಿಗೆ ಇಳಿಸಿದನು. ಗವರ್ನರ್ ಜನರಲನು ನಾಲ್ಕು ವರ್ಷಗಳ ಸೆರೆಗೆ ಇಳಿಸಿ, ಮದರಾಸಿನ ಕಡೆಯ ಕೋಟೆಯೊಂದಕ್ಕೆ ಕಳುಹಿಸುವಂತೆ ಹೇಳಿದನು. 1858ರ ಮೇ ತಿಂಗಳಲ್ಲಿ, ಹೈದರಾಬಾದಿನಿಂದ ಹೊರಟ ಮೊದಲ ಬಿಡಾರದಲ್ಲಿಯೇ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜನು ಅಸುನೀಗಿದನು. ತಾನೇ ಹಾರಿಸಿಕೊಂಡನೆಂದು ಸರಕಾರ ಬರೆದುಕೊಂಡಿತು. ಅದನ್ನು ನಂಬದವರೂ ಇದ್ದಾರೆ. ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ರಾಜನ ಜಾತಕದಲ್ಲಿ ಬರೆದಿದ್ದಿತೆಂಬ ಅರಮನೆಯ ಗುಟ್ಟನ್ನು ರಾಣಿಯು ಎಂದೋ ಟೇಲರನಿಗೆ ಹೇಳಿದ್ದಳಂತೆ. ಆತನು ಅದನ್ನೂ ಬರೆದಿಟ್ಟಿದ್ದಾನೆ. ಜಾತಕದ ಮೇಲೆ ಭಾರ ಹೊರಿಸುವುದು ಸುಲಭ. ಆದರೆ ಬೇಡರಿಂದ ಆಯುಧವನ್ನೂ ಅರಸರಿಂದ ಅಧಿಕಾರವನ್ನೂ ಕಿತ್ತುಕೊಂಡ ಕಾಲವು ಆ ವರ್ಷ ಬಲಿ ತೆಗೆದುಕೊಂಡವರೆಲ್ಲರ ಜಾತಕವನ್ನು ಹುಡುಕಿ ಪ್ರಯೋಜನವಿಲ್ಲ.

ಟೇಲರನು ಕಮಿಷನರನಾಗಿ ಸುರಪುರವನ್ನು ಮತ್ತೆ ಎರಡು ವರ್ಷ ಆಳಿದನು. ಯಾರಿಗಾಗಿ ಕಾಪಾಡಿ ಇಟ್ಟಿದ್ದನೋ ಆ ರಾಜನಿಲ್ಲದ ರಾಜ್ಯ. ದಂಗೆಯ ಕಾಲದಲ್ಲಿ ತಮಗೆ ನೆರವಾದರೆಂದು ಬ್ರಿಟಿಷರು 1860ರಲ್ಲಿ ಸುರಪುರವನ್ನು ನಿಜಾಮರಿಗೆ ಬಹುಮಾನವಾಗಿ ಕೊಟ್ಟರು. ಗೋಸಲ ವಂಶದ ಆಳ್ವಿಕೆ ಅಲ್ಲಿಗೆ ಮುಗಿಯಿತು. ಆರೋಗ್ಯ ಕೆಟ್ಟ ಟೇಲರನೂ ಅದೇ ವರ್ಷ ಸ್ವದೇಶಕ್ಕೆ ಹೊರಟನು. ಅಲ್ಲಿ ಕುಳಿತು ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿಗಳನ್ನೂ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸವನ್ನೂ ಬರೆದನು. ವಿಜಾಪುರದ ಕಟ್ಟಡಗಳ ಚಿತ್ರಗ್ರಂಥವು 1866ರಲ್ಲಿ ಹೊರಬಂದಾಗ ಅದಕ್ಕೆ ಚರಿತ್ರೆಯನ್ನು ಬರೆದುಕೊಟ್ಟವನೂ ಆತನೇ. 1875ರಲ್ಲಿ ಕೊನೆಯ 번ಕ್ಕೆಂಬಂತೆ ಭಾರತಕ್ಕೆ ಬಂದು, ಮರಳುವ ದಾರಿಯಲ್ಲಿ ಫ್ರಾನ್ಸಿನ ಮಂಟೋನ್ ಎಂಬಲ್ಲಿ 1876ರ ಮೇ ತಿಂಗಳಲ್ಲಿ ತೀರಿಕೊಂಡನು. ಆತ್ಮಕಥೆಯನ್ನು ಮಗಳು ಮರುವರ್ಷ ಪ್ರಕಟಿಸಿದಳು. ಚಾಂದಬೀಬಿಯ ಕಥೆಯಾದ ಕೊನೆಯ ಕಾದಂಬರಿಯು 1878ರಲ್ಲಿ ಬಂದಿತು.

ಠಕ್ಕರ ಕಾಲದಲ್ಲಿ ಬೆಳೆದ ಪೋಲೀಸು ಪದ್ಧತಿಯು ಅವನೊಡನೆ ಮುಗಿಯಲಿಲ್ಲ. ಸ್ಲೀಮನ್ನನ ಇಲಾಖೆಯು 1904ರಲ್ಲಿ ಕೇಂದ್ರದ ಗುಪ್ತಚರ ಇಲಾಖೆಗೆ ಎಡೆಮಾಡಿಕೊಟ್ಟಿತು. ಒಬ್ಬನ ಕೃತ್ಯವನ್ನು ಸಿದ್ಧಮಾಡದೆ ಗುಂಪಿನ ಹೆಸರಿನಿಂದ ಶಿಕ್ಷಿಸುವ ಆಲೋಚನೆಯು 1871ರಲ್ಲಿ ಇನ್ನೂ ಬೆಳೆದು, ಕುಲಕ್ಕೆ ಕುಲವನ್ನೇ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯ್ದೆಯಾಯಿತು. ಅದು ಮುಂದೆ ಮುಂಬಯಿ ಇಲಾಖೆಗೂ ಬಂದು, ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲ್‌ಮೆಂಟುಗಳು ಎದ್ದುವು. ತೊಟ್ಟಿಲಲ್ಲಿದ್ದ ಕೂಸಿಗೂ ಹುಟ್ಟಿನಿಂದಲೇ ಆ ಹೆಸರು ಅಂಟುತ್ತಿದ್ದಿತು. ಆ ಕಾಯ್ದೆ ರದ್ದಾದುದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ.

ಇನ್ನೊಂದು ಕಡೆ, ಬಾಯಿ ಬಿಡಿಸುವ ಅಧಿಕಾರಕ್ಕೆ ಕಡಿವಾಣವೂ ಬಿದ್ದಿತು. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತಾಗಿ ತರಕೂಡದೆಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತು. ಅಪರಾಧದ ಪಾಲುಗಾರನ ಮಾತನ್ನು ಬೇರೆ ಸಾಕ್ಷ್ಯದ ಆಸರೆಯಿಲ್ಲದೆ ಸುಲಭವಾಗಿ ನಂಬಬಾರದೆಂಬುದೂ ನ್ಯಾಯಾಲಯಗಳ ರೂಢಿಯಾಯಿತು. 2023ರ ಹೊಸ ಸಾಕ್ಷ್ಯ ಅಧಿನಿಯಮವೂ ತಪ್ಪೊಪ್ಪಿಗೆಯ ಆ ನಿಯಮವನ್ನು ಉಳಿಸಿಕೊಂಡಿದೆ. ಹಿಡಿಯುವವನು ಬೇರೆ, ತೀರ್ಪು ಕೊಡುವವನು ಬೇರೆ ಆಗಿರಬೇಕೆಂಬುದನ್ನು ನಾವು ಇಂದು ಉಸಿರಾಟದಷ್ಟು ಸಹಜವೆಂದು ಭಾವಿಸಿದ್ದೇವೆ. ಅದು ಸಹಜವಾಗಿ ಬಂದುದಲ್ಲ. ಟೇಲರನಂಥ ಒಳ್ಳೆಯ ಅಧಿಕಾರಿ ಇದ್ದಲ್ಲಿ ಅದರ ಕೊರತೆ ಕಾಣುವುದಿಲ್ಲ. ಆದರೆ ಕಾಯ್ದೆಯನ್ನು ಒಳ್ಳೆಯ ಅಧಿಕಾರಿ ಸಿಗುವನೆಂಬ ಭರವಸೆಯ ಮೇಲೆ ಬರೆಯಲಾಗುವುದಿಲ್ಲ. ಒಳ್ಳೆಯವನಿಗೂ ಮೇಲಿನವರ ಅಪ್ಪಣೆ ಎಂಬುದೊಂದಿರುತ್ತದೆ. ಆತನ ಒಳ್ಳೆಯತನವು ಆ ಅಪ್ಪಣೆಯ ಎಲ್ಲೆಯವರೆಗೆ ಮಾತ್ರ ಹೋಗಬಲ್ಲುದೆಂಬುದಕ್ಕೆ ಆತನು ಸಾಕಿ ಬೆಳೆಸಿದ ರಾಜನ ಕಥೆಯೇ ಸಾಕ್ಷಿ.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬುದು ತಾಳಿಕೋಟೆಯ ಸೀಮೆಯ ಮಾತು. ಬೆಳೆಯ ಲೆಕ್ಕವನ್ನು ಹೀಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಮನುಷ್ಯನ ಲೆಕ್ಕವನ್ನು ಹೇಳಲಾಗುವುದಿಲ್ಲ. ಟೇಲರನು ಪರರ ಆಳ್ವಿಕೆಯ ನೌಕರ. ಈ ನಾಡಿನ ಮಾತು, ಕಲ್ಲು, ಕೆರೆ, ಮಕ್ಕಳನ್ನು ಪ್ರೀತಿಸಿದವನೂ ಹೌದು. ಸುರಪುರವು ಬಂಗಲೆಗೆ ಆತನ ಹೆಸರನ್ನು ಉಳಿಸಿಕೊಂಡಿದೆ. ವೆಂಕಟಪ್ಪನಾಯಕನನ್ನು ಸ್ವಾತಂತ್ರ್ಯದ ವೀರನೆಂದು ನೆನೆಯುತ್ತದೆ. ಇಬ್ಬರನ್ನೂ ಒಟ್ಟಿಗೆ ನೆನಪಿಡುವುದು ಆ ಊರಿಗೆ ಕಷ್ಟವೆನಿಸಿಲ್ಲ.